ಇದು ಯಾವ ರೋಗದ ಗುಳಿಗಿ

12-6-2006, ಸೋಮವಾರ

ಎಕ್ಸ್‌ಪೈರಿ ನೋಡುವ ದಿನ. ಮೂರು ಕಪಾಟು ಮುಗಿಯಿತು, ಎರಡು ಬಾಕಿ. ಡಬ್ಬಿ ಡಬ್ಬಿಯ ಮೇಲೂ ಕೆಂಪು ಧೂಳು. ಬೆಳಗ್ಗೆ ಒರೆಸಿದ್ದು ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಅದಿರು ಲಾರಿಗಳು ಹೊಸಪೇಟೆ ಊರೊಳಗೇ ನುಗ್ಗುತ್ತವೆ, ಕೇಳುವವರಿಲ್ಲ. ನರ್ಸಿಂಗ್ ಹೋಮ್ ಮಾಲೀಕರು ಫಾರ್ಮಸಿಗೆ ಗಾಜಿನ ಬಾಗಿಲು ಹಾಕಿಸುತ್ತೇನೆ ಅಂದು ವರ್ಷವಾಯಿತು. ಹೊರಗೆ ದೊಡ್ಡ ಬೋರ್ಡು ಮಾತ್ರ ಬಂತು. ಲೈಟಿನದು.

ಹನ್ನೊಂದಕ್ಕೆ ತಮ್ಮ ದುರುಗೇಶ ಬಂದ. ಯಶವಂತನಗರದ ಗಣಿ ಕ್ಯಾಂಪಿನಿಂದ, ಟಿಪ್ಪರ್ ಬಿಟ್ಟು. ಕೆಲಸದ ದಿನ ಅಕ್ಕನನ್ನು ನೋಡಲು ಬಂದಿದ್ದಾನೆ ಅಂದರೆ ಏನೋ ಇದೆ. ಅವನ ಜೊತೆ ಟಿಪ್ಪರ್ ಓಡಿಸುವ ಹುಸೇನಪ್ಪನ ಹೆಂಡತಿಗೆ ಹೆರಿಗೆ ವೇಳೆ ರಕ್ತ ಬೇಕಾಯಿತಂತೆ. ಇವನೂ ಕೊಡಲು ಹೋಗಿದ್ದಾನೆ. ಬ್ಲಡ್ ಬ್ಯಾಂಕಿನವರು ನಿನ್ನದು ಬೇಡ ಅಂದು ಒಂದು ಚೀಟಿ ಕೊಟ್ಟು ಕಳಿಸಿದ್ದಾರೆ.

"ಏನಕ್ಕಾ ಇದು? ಅಲ್ಲಿ ನಿಂತಾಂವ ಒಬ್ಬ, ಇನ್ನ ಮ್ಯಾಲಾದ್ರೂ ಕುಡಿಯೋದು ಬಿಡು ಅಂದ. ನಾ ಯಾವಾಗ ಕುಡ್ದೀನಿ?"

ಹೆಪಟೈಟಿಸ್ ಬಿ. ಚೀಟಿ ನೋಡಿದ ಕೂಡಲೇ ಗೊತ್ತಾಯಿತು. ಕಾಮಾಲೆ ಜಾತಿಯದು, ಡಾಕ್ಟರಿಗೆ ತೋರಿಸೋಣ ಅಂದೆ.

ಕುಡಿಯುವುದಿಲ್ಲ ಅವನು. ಅವ್ವ ಸತ್ತಾಗ ಅವನಿಗೆ ಏಳು ವರ್ಷ, ನನಗೆ ಹದಿನಾರು. ಸಾಕಿದವಳು ನಾನು, ನನಗೆ ಗೊತ್ತು. ಆದರೆ ಟಿಪ್ಪರ್ ಡ್ರೈವರ್, ಲಿವರ್ ಕಾಯಿಲೆ — ಜನಕ್ಕೆ ಅಷ್ಟು ಸಾಕು.

15-6-2006, ಗುರುವಾರ

ನಮ್ಮ ಫಿಜಿಷಿಯನ್ ಡಾ. ಸಿದ್ದಲಿಂಗೇಶ್ ನೋಡಿದರು. ರಕ್ತ, ಸ್ಕ್ಯಾನಿಂಗ್, ಎಲ್ಲ ಬರೆದರು. ಎಚ್‌ಐವಿ ಟೆಸ್ಟೂ. ಅದು ನೆಗೆಟಿವ್ ಬಂತು. ಆಮೇಲೆ ಕೇಳಿದರು, ರಕ್ತ ಹಾಕಿಸಿಕೊಂಡಿದ್ದೆಯಾ, ಹಚ್ಚೆ, ಸೂಜಿ?

"ಸೂಜಿ ಅಂದ್ರ... ಉಚ್ಚೆಂಗೆಪ್ಪ ಹಾಕ್ತಾನಲ್ರೀ, ತಾಕತ್ತಿಂದು."

"ಯಾವ ಉಚ್ಚೆಂಗೆಪ್ಪ?"

"ನಮ್ಮ ಕ್ಯಾಂಪಿನ ಡಾಕ್ಟ್ರು. ಆರು ಟ್ರಿಪ್ ಹೊಡೆದ ಮ್ಯಾಲ ನಡ ಎತ್ತಾಕ ಬರೋದಿಲ್ರಿ. ಒಂದು ಇಂಜಕ್ಷನ್ ಹಾಕಿಸಿಕೊಂಡ್ರ ಮತ್ತೆರಡು ಹೊಡೀಬೌದು. ವಾರಕ್ಕೊಮ್ಮೆ ಎಲ್ಲಾರೂ ಲೈನ್ ಹಚ್ತೀವಿ."

"ಸೂಜಿ ಹೊಸದು ಹಾಕ್ತಾನೇನು?"

ದುರುಗೇಶ ನಕ್ಕ. "ಬಿಸಿ ನೀರಾಗ ತೊಳೀತಾನ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನನಗೆ ಕೌಂಟರಿನ ಕತ್ತರಿ ತೆಗೆದುಕೊಂಡು ಈಗಲೇ ಯಶವಂತನಗರದ ಬಸ್ಸು ಹತ್ತಬೇಕು ಅನ್ನಿಸಿತು. ಹತ್ತನೇ ಕ್ಲಾಸು ಪಾಸಾಗಿದ್ದಾನೋ ಇಲ್ಲವೋ ಆ ಉಚ್ಚೆಂಗೆಪ್ಪ. ಕಂಟ್ರಾಕ್ಟರೇ ಶೆಡ್ ಹಾಕಿಸಿಕೊಟ್ಟಿದ್ದಾನೆ. ಡ್ರೈವರ್ ನಿಲ್ಲಬಾರದು, ಚೀನಾಕ್ಕೆ ಅದಿರು ಹೋಗಬೇಕು. ಯಾರ ರಕ್ತ ಯಾರ ಮೈಗೆ ಹೋದರೆ ಅವನಿಗೇನು.

29-6-2006, ಗುರುವಾರ

ಹುಬ್ಬಳ್ಳಿಗೆ ಹೋಗಿ ಬಯಾಪ್ಸಿ ಮಾಡಿಸಿದ್ದರ ರಿಪೋರ್ಟು ಬಂತು. ಲಿವರ್ ತುಂಬ ನಾರು. ಹುಣ್ಣು ಮಾಯ್ದ ಕಡೆ ಗಟ್ಟಿ ಕಲೆ ಉಳಿಯುತ್ತದಲ್ಲ, ಹಾಗೆ. ನಾಲ್ಕು ಹಂತ ಇರುತ್ತವೆ, ಇವನು ಮೂರರಲ್ಲಿದ್ದಾನೆ. ನಾಲ್ಕಾದರೆ ಸಿರೋಸಿಸ್, ಲಿವರ್ ಗಂಟುಗಟ್ಟಿ ಕೆಡುವುದು.

ವಯಸ್ಸು ಇಪ್ಪತ್ತೇಳು. ಹೋದ ವರ್ಷ ಮದುವೆ ಮಾಡಿದೆ. ಮೆಟ್ರಿಯ ಗಾದಿಲಿಂಗಪ್ಪನ ಮಗಳು ಹುಲಿಗೆಮ್ಮ. ಮೆದು ಹುಡುಗಿ, ಎದುರಿಗೆ ಕೂತರೂ ಇದ್ದಾಳೋ ಇಲ್ಲವೋ ಅನ್ನಿಸಬೇಕು.

1-7-2006, ಶನಿವಾರ

ಡಾಕ್ಟರು ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಹೇಳಿದರು. ಲಿವರಿನ ನಾರು ಕರಗಿಸಲಿಕ್ಕೆ ಅಂತಲೇ ಮಾಡಿದ ಮಾತ್ರೆ ಇನ್ನೂ ಎಲ್ಲೂ ಇಲ್ಲವಂತೆ. ಬೇರೆ ರೋಗಕ್ಕೆ ಇರುವ ಹಳೆಯ ಮಾತ್ರೆಗಳಲ್ಲೇ ಹುಡುಕುತ್ತಿದ್ದಾರೆ. ಬಿಪಿಯ ಒಂದು ಮಾತ್ರೆ ಇಲಿಗಳಲ್ಲಿ ಕೆಲಸ ಮಾಡಿದೆ. ಕಾಲಿನ ರಕ್ತನಾಳಕ್ಕೆ ಕೊಡುವುದೊಂದು, ಸಕ್ಕರೆ ಕಾಯಿಲೆಯದೊಂದು — ನೋಡುತ್ತಿದ್ದಾರೆ, ಇನ್ನೂ ಗಟ್ಟಿಯಿಲ್ಲ.

"ಇಲಿ ಮ್ಯಾಲಿನ ಗುಳಿಗಿ ನಿಮ್ಮ ತಮ್ಮಗ ಕೊಡಾಕ ನಾ ತಯಾರಿಲ್ಲ, ಚಂದ್ರಕಲಾ. ಆದ್ರ ಬಿ ವೈರಸ್ಸಿಗೆ ಒಂದು ಐತಿ, ಮನುಷ್ಯರ ಮ್ಯಾಲ ನೋಡ್ಯಾರ. ವೈರಸ್ ಸುಮ್ಮನಾದ್ರ ನಾರು ತಾನೇ ಹಿಂದಕ್ಕ ಸರೀತದ. ಬಯಾಪ್ಸಿ ಮಾಡಿ ತೋರಿಸ್ಯಾರ."

ಚೀಟಿ ಬರೆದು ತಿರುಗಿಸಿದರು. ಲ್ಯಾಮಿವುಡಿನ್.

ನಾನು ಅವರ ಮುಖ ನೋಡಿದೆ.

"ಹೌದು, ಎಚ್‌ಐವಿಗೆ ಅಂತ ಬಂದದ್ದೇ. ಲಿವರಿಗೂ ಅದೇ. ನೂರು ಮಿಲಿಗ್ರಾಮಿಂದು ಲಿವರಿಗಂತ ಬ್ಯಾರೆ ಪ್ಯಾಕ್ ಬರ್ತದ, ನಮ್ಮ ಕಡೆ ಸಿಗೋದಿಲ್ಲ. ಸಿಗೋತನಕ ನೂರೈವತ್ತರದ್ದು ನಡೀತದ. ಒಂದು ಮಾತು ನೆಪ್ಪಿಡ್ರಿ. ಒಮ್ಮೆ ಚಾಲೂ ಮಾಡಿದ್ರ ತಾನಾಗಿ ಬಿಡಂಗಿಲ್ಲ. ಪಟ್ಟನ ಬಿಟ್ರ ವೈರಸ್ ಸಿಟ್ಟಿಗೆದ್ದು ಬರ್ತದ, ಇದ್ದ ಲಿವರೂ ಹೋಗ್ತದ. ಇದು ಯಾವ ಗುಳಿಗಿ, ಯಾಕ ಕೊಡ್ತೀವಿ, ಯಾಕ ಬಿಡಬಾರದು — ಮೂರೂ ಅವನಿಗೆ ಬಿಡಿಸಿ ಹೇಳ್ರಿ. ಹೊರಗ ನಲವತ್ತು ಮಂದಿ ಕುಂತಾರ, ನನ್ನ ಕೈಲಿ ಆಗೋದಿಲ್ಲ. ಅವನ ಹೆಂಡ್ತಿಗೂ ಟೆಸ್ಟು, ಲಸಿಕೆ."

ಹೇಳುತ್ತೇನೆ ಅಂದೆ.

3-7-2006, ಸೋಮವಾರ

ಹೇಳಲಿಲ್ಲ.

ಹೇಗೆ ಹೇಳುವುದು? ಈ ಕೌಂಟರಿನಲ್ಲಿ ಹನ್ನೊಂದು ವರ್ಷ ನಿಂತಿದ್ದೇನೆ. ಆ ಮಾತ್ರೆಗೆ ಬರುವವರು ಸೆರಗು ಮುಖದ ಮೇಲೆ ಎಳೆದುಕೊಂಡು ಕೊನೆಗೆ ಬರುತ್ತಾರೆ. ಹೋದ ವರ್ಷ ಚಿತ್ತವಾಡ್ಗಿಯ ಒಬ್ಬಾಕೆಯ ಖಾಲಿ ಸ್ಟ್ರಿಪ್ಪನ್ನು ಕಸದಲ್ಲಿ ನೋಡಿ ಮನೆ ಓನರ್ ಸಾಮಾನು ಬೀದಿಗೆ ಹಾಕಿಸಿದ. ಓದಲು ಬರುವ ಜನ! ಮಾತ್ರೆಯ ಹೆಸರು ಮಾತ್ರ ಓದುತ್ತಾರೆ. ಇಂಥ ಊರಲ್ಲಿ, ಇಂಥ ಕ್ಯಾಂಪಿನಲ್ಲಿ, ಒಬ್ಬ ಡ್ರೈವರಿಗೆ "ಇದು ಅದೇ ಗುಳಿಗಿ, ಆದರೆ ನಿನ್ನದು ಆ ರೋಗವಲ್ಲ" ಅಂದರೆ ಅವನ ಕಿವಿಗೆ ಯಾವ ಅರ್ಧ ಬೀಳುತ್ತದೆ?

ಸ್ಟ್ರಿಪ್‌ನಿಂದ ಮೂವತ್ತು ಮಾತ್ರೆ ಬಿಡಿಸಿ ಕ್ಯಾಲ್ಸಿಯಂ ಡಬ್ಬಿಗೆ ಹಾಕಿದೆ. ಲಿವರ್ ಟಾನಿಕ್ ಗುಳಿಗಿ, ದಿನಾ ಒಂದು, ತಪ್ಪಿಸಬೇಡ ಅಂದೆ. ಹೂಂ ಅಂದ.

ಹುಲಿಗೆಮ್ಮನ ರಕ್ತ — ರಕ್ತ ಕಡಿಮೆ ಇದೆಯೇನೋ ನೋಡೋಣ ಅಂದು ತೆಗೆಸಿದೆ. ಅವಳಿಗೆ ಸೋಂಕಿಲ್ಲ. ಲಸಿಕೆ ಶುರು. ಧನುರ್ವಾಯು ಇಂಜಕ್ಷನ್ ಅಂದೆ. ತೋಳು ಮುಂದೆ ಮಾಡಿದಳು.

ಡಾಕ್ಟರು ಕೇಳಿದರು, ಹೇಳಿದಿರಾ? ಹೇಳಿದೆ ಸರ್.

9-10-2006, ಸೋಮವಾರ

ಮೂರು ತಿಂಗಳ ರಿಪೋರ್ಟು. ಲಿವರ್ ಎಂಜೈಮ್ 148 ಇದ್ದದ್ದು 36. ವೈರಸ್ ಪಾತಾಳಕ್ಕೆ ಇಳಿದಿದೆ. ಡಾಕ್ಟರು ಹಾಳೆ ಎತ್ತಿ ಎಲ್ಲರಿಗೂ ತೋರಿಸಿದರು, ಮಕ್ಕಳ ಮಾರ್ಕ್ಸ್ ಕಾರ್ಡ್ ತೋರಿಸಿದ ಹಾಗೆ. ದುರುಗೇಶನ ಮೈಮೇಲೆ ಮಾಂಸ ಬಂದಿದೆ. ಎರಡು ರೊಟ್ಟಿ ಹೆಚ್ಚು ತಿನ್ನುತ್ತಾನಂತೆ.

ನೂರರ ಪ್ಯಾಕಿಗೆ ಡಿಸ್ಟ್ರಿಬ್ಯೂಟರಿಗೆ ಮೂರನೇ ಸಲ ಫೋನು. "ಒಬ್ಬ ಪೇಷಂಟಿಗೆ ತರಿಸಾಕ ಆಗಂಗಿಲ್ಲ ಮೇಡಂ." ಲಿವರ್ ಅಂತ ಅಚ್ಚಾದ ಒಂದು ಡಬ್ಬಿ. ಅಷ್ಟೇ ನಾನು ಕೇಳುತ್ತಿರುವುದು. ಒಳಗಿನ ಮದ್ದು ಅದೇ. ಒಂದು ಹೆಸರಿಗಾಗಿ ಬೇಡಬೇಕು ಇವರನ್ನ.

21-1-2007, ಭಾನುವಾರ

ದುರುಗೇಶ, ಹುಲಿಗೆಮ್ಮ ಬಂದಿದ್ದರು. ಅವಳ ಮೂರನೇ ಲಸಿಕೆ ಮುಗಿಯಿತು.

ಇವನು ಕ್ಯಾಂಪಿನಲ್ಲಿ ಹೊಸ ಕೆಲಸ ಹಿಡಿದಿದ್ದಾನೆ. ಉಚ್ಚೆಂಗೆಪ್ಪನ ಶೆಡ್ಡಿನ ಮುಂದೆ ನಿಂತು, ಅವನ ಸೂಜಿ ಬೇಡ, ನನ್ನ ಲಿವರ್ ಹಾಳಾದದ್ದು ಅದರಿಂದಲೇ ಅಂತ ಎಲ್ಲರಿಗೂ ಹೇಳುತ್ತಿದ್ದಾನಂತೆ. ಲೈನು ಅರ್ಧಕ್ಕೆ ಇಳಿದಿದೆ. ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಉಷಾರಾಗಿರು ಅಂದೆ.

"ಯಾಕಕ್ಕಾ? ಖರೇನ ಹೇಳಾಕತ್ತೀನಿ. ಖರೇ ಹೇಳಾಕ ಏನು ಅಂಜಿಕಿ?"

ಕಂಪನಿ ಬಸ್ಸಿಗೆ ಹೊತ್ತಾಯಿತು ಅಂದ. ಮಾತ್ರೆ ಬಿಡಿಸಿ ಡಬ್ಬಿಗೆ ಹಾಕಲು ವೇಳೆ ಸಿಗಲಿಲ್ಲ. ಸ್ಟ್ರಿಪ್ಪನ್ನೇ ಕೊಟ್ಟೆ. ಅವನೆಲ್ಲಿ ಓದುತ್ತಾನೆ ಅಂದುಕೊಂಡೆ.

8-2-2007, ಗುರುವಾರ. ಸಂಜೆ 5

ಹುಸೇನಪ್ಪ ಬಂದಿದ್ದ. ಕೂರು ಅಂದರೂ ಕೂರಲಿಲ್ಲ.

ಮೊನ್ನೆ ಮಂಗಳವಾರ, ಮೆಸ್ಸಿನಲ್ಲಿ, ಮಧ್ಯಾಹ್ನದ ಊಟದ ವೇಳೆ. ದುರುಗೇಶ ಮಾತ್ರೆ ನುಂಗಿ ಸ್ಟ್ರಿಪ್ಪನ್ನು ತಟ್ಟೆಯ ಪಕ್ಕ ಇಟ್ಟಿದ್ದಾನೆ. ಉಚ್ಚೆಂಗೆಪ್ಪ ಬಂದವನು ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ಓದಿದ. ಅವನಿಗೆ ಓದಲು ಬರುತ್ತದೆ, ಅದೊಂದು.

"ಎಲ್ಲಾರೂ ನೋಡ್ರಲೇ ಅಂದ, ಅಕ್ಕಾ. ಇದು ಏಡ್ಸಿನ ಗುಳಿಗಿ. ದಿನಾ ನುಂಗ್ತಾನ. ಹೈವೇದಾಗ ಎಲ್ಲಿಂದ ಹಚ್ಚಿಕೊಂಡು ಬಂದಾನೋ, ಹೆಸ್ರು ನನ್ನ ಸೂಜಿಗೆ ಹಾಕ್ತಾನ. ಹಿಂಗಂದ."

"ನೀವೆಲ್ಲ ಏನು ಮಾಡಿದ್ರಿ?"

"ಎಲ್ಲಾರೂ ತಟ್ಟಿ ತಗಂಡು ಎದ್ರು."

"ನೀನು?"

ನೆಲ ನೋಡಿದ. "ನಾನೂ ಎದ್ದೆ ಅಕ್ಕಾ. ಮನ್ಯಾಗ ಕೂಸೈತಿ."

ಆ ಕೂಸಿನ ತಾಯಿಗೆ ರಕ್ತ ಕೊಡಲು ಹೋಗಿಯೇ ಇವನ ರೋಗ ಗೊತ್ತಾದದ್ದು. ಹಾಗಂತ ಅವನ ಮುಖದ ಮೇಲೆ ಹೇಳಿದೆ. ಹೊರಗೆ ಹೋಗು ಅಂದೆ. ಕೌಂಟರಿನ ಮುಂದೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ನೋಡಲಿ.

ಟಿಪ್ಪರಿನ ಓನರ್ ಕೀ ಇಸಿದುಕೊಂಡನಂತೆ. ಮೆಸ್ಸಿನವ ಊಟ ಪಾರ್ಸೆಲ್ ಒಯ್ಯಿ ಅಂದನಂತೆ. ಗಾದಿಲಿಂಗಪ್ಪನಿಗೆ ಯಾರೋ ಮುಟ್ಟಿಸಿದ್ದಾರೆ, ನಿನ್ನೆ ಜೀಪು ತಂದು ಮಗಳನ್ನು ಮೆಟ್ರಿಗೆ ಕರೆದೊಯ್ದ. ಎರಡೇ ದಿನ. ಎರಡೇ ದಿನದಲ್ಲಿ ಇಷ್ಟು.

11-2-2007, ಭಾನುವಾರ

ದುರುಗೇಶ ಬಂದ. ಬಾಗಿಲಲ್ಲೇ ನಿಂತ. ಕೈಯಲ್ಲಿ ಸ್ಟ್ರಿಪ್ಪು.

"ಅಕ್ಕಾ, ಇದು ಆ ರೋಗದ್ದು ಹೌದೋ ಅಲ್ಲೋ?"

ಎಲ್ಲ ಹೇಳಿದೆ. ಮೊದಲಿಂದ. ಡಾಕ್ಟರು ಅಂದದ್ದು, ನಾರು, ವೈರಸ್, ಅದೇ ಮಾತ್ರೆ ಎರಡು ರೋಗಕ್ಕೆ ಹೇಗೆ. ಎಚ್‌ಐವಿ ನೆಗೆಟಿವ್ ರಿಪೋರ್ಟು ತೆಗೆದು ಮುಂದಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

"ಆವಾಗ ಟಾನಿಕ್ ಅಂದಿ. ಈಗ ಹಿಂಗಂತಿ. ಯಾವುದು ಖರೇ?"

"ಇದು ಖರೇ."

"ನಿಮ್ಮ ಲ್ಯಾಬು. ನಿಮ್ಮ ಡಾಕ್ಟ್ರು. ಕಾಗದ ಏನಂತಿ ಅಂದ್ರ ಅದು ಬರ್ತೈತಿ. ನನಗ ಆ ರೋಗ ಇಲ್ದಿದ್ರ ನೀ ಯಾಕ ಮುಚ್ಚಿ ಇಟ್ಟಿ? ಸುಮ್ ಸುಮ್ನ ಯಾರಾರ ಮುಚ್ಚಿಡ್ತಾರೇನು?"

ಬೇರೆ ಕಡೆ ಟೆಸ್ಟ್ ಮಾಡಿಸು ಅಂದೆ. ಬಳ್ಳಾರಿಗೆ ಹೋಗು, ಹುಬ್ಬಳ್ಳಿಗೆ ಹೋಗು ಅಂದೆ. ನಿನಗೋಸ್ಕರ ಮುಚ್ಚಿಟ್ಟೆ ಅಂದೆ. ನಾನೂ ಕೂಗಿದೆ. ಮಾತ್ರೆ ಬಿಟ್ಟರೆ ಸಾಯುತ್ತೀ ಅಂದೆ.

"ಇದ್ದು ಏನು ಮಾಡ್ಲಿ" ಅಂದು ಹೋದ.

ಬೆನ್ನ ಹಿಂದೆಯೇ ಹೋಗಬೇಕಿತ್ತು. ಸಿಟ್ಟಿತ್ತು, ಹೋಗಲಿಲ್ಲ. ನಾನು ಸಾಕಿದ ಹುಡುಗ, ಆ ಸೂಜಿಯವನ ಮಾತು ನಂಬಿ ನನ್ನ ಮಾತು ನಂಬುವುದಿಲ್ಲ ಅಂತ.

1-3-2007, ಗುರುವಾರ

ಅವನು ಬರುವುದಿಲ್ಲ. ಸ್ಟೋನ್ ಕ್ರಷರಿನಲ್ಲಿ ಕೆಲಸಕ್ಕೆ ಹೋಗುತ್ತಾನಂತೆ. ಹುಸೇನಪ್ಪನ ಕೈಯಲ್ಲಿ ಈ ತಿಂಗಳ ಮಾತ್ರೆ ಕಳಿಸಿದೆ. ರೂಮಿನ ಬಾಗಿಲಲ್ಲಿ ಕೊಟ್ಟು ಬಂದೆ, ಇಸಿದುಕೊಂಡ ಅಂದ. ಇಸಿದುಕೊಂಡನಲ್ಲ, ಸಾಕು.

ಡಾಕ್ಟರಿಗೆ ಇನ್ನೂ ಹೇಳಿಲ್ಲ. ಏನಂತ ಹೇಳಲಿ.

29-4-2007, ಭಾನುವಾರ. ಬೆಳಗ್ಗೆ 11

ಹುಲಿಗೆಮ್ಮ ದುರುಗೇಶನನ್ನು ಕರೆದುಕೊಂಡು ಬಂದಳು. ಒಬ್ಬಳೇ. ಮೆಟ್ರಿಯಿಂದ ಯಶವಂತನಗರಕ್ಕೆ ಹೋಗಿದ್ದಾಳೆ, ಅಪ್ಪನಿಗೆ ಹೇಳದೆ. ಕಾಯಿನ್ ಬೂತಿನಿಂದ ಫೋನು ಮಾಡಿದ್ದನಂತೆ, ಮಾತು ತೊದಲುತ್ತಿತ್ತಂತೆ. ರೂಮಿನಲ್ಲಿ ಚಾಪೆಯ ಮೇಲೆ ಬಿದ್ದಿದ್ದ. ಟೆಂಪೋ ಮಾಡಿಸಿ ತಂದಿದ್ದಾಳೆ.

ಕಣ್ಣು ಅರಿಶಿನ. ಉಗುರೂ ಅರಿಶಿನ. ಅಂಗಿಯ ತುಂಬ ವಾಂತಿ. ಬಿಲಿರುಬಿನ್ ಹದಿನಾರು, ಒಂದರ ಒಳಗಿರಬೇಕಾದದ್ದು.

ಡಾಕ್ಟರು ಕೇಳಿದ ಮೊದಲ ಮಾತು: "ಗುಳಿಗಿ ಬಿಟ್ಟು ಎಷ್ಟು ದಿನ ಆತು?"

"ಫೆಬ್ರವರಿಯಾಗ ಕಾಲುವಿಗೆ ಒಗೆದೆ" ಅಂದ. ಆಮೇಲೆ ಕಳಿಸಿದ ಎರಡು ತಿಂಗಳದ್ದೂ ಅಲ್ಲಿಗೇ ಹೋಯಿತಂತೆ.

ಡಾಕ್ಟರು ನನ್ನ ಕಡೆ ತಿರುಗಿದರು. "ಬಿಡಿಸಿ ಹೇಳಿದ್ದೆ ಅಂದಿದ್ರಿ."

ಆಂಬುಲೆನ್ಸ್ ಬಂತು. ಬಳ್ಳಾರಿಗೆ ಹೊರಟಿದ್ದೇವೆ. ಡೀಸೆಲ್ ಹಾಕಿಸಲು ನಿಲ್ಲಿಸಿದ್ದಾನೆ, ಅಷ್ಟರಲ್ಲಿ ಇದು.

4-5-2007, ಶುಕ್ರವಾರ

ಬಳ್ಳಾರಿ. ಆಸ್ಪತ್ರೆಯಲ್ಲಿ ಆರನೇ ದಿನ. ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ರಕ್ತ ಹೆಪ್ಪುಗಟ್ಟುತ್ತಿಲ್ಲ, ಸೂಜಿ ತೆಗೆದ ಕಡೆ ಅರ್ಧ ಗಂಟೆ ಒತ್ತಿ ಹಿಡಿಯಬೇಕು. ದಿನ ಯಾವುದು ಅಂತ ಕೇಳಿದರೆ ಟಿಪ್ಪರ್ ಕೀ ಎಲ್ಲಿ ಅನ್ನುತ್ತಾನೆ. ಇಲ್ಲಿಯ ಡಾಕ್ಟರು ಆ ಕಡೆ ಈ ಕಡೆ ಎರಡೂ ಆಗಬಹುದು ಅಂದರು.

ಎಲ್ಲರ ಮೇಲೂ ಸಿಟ್ಟು. ಉಚ್ಚೆಂಗೆಪ್ಪ, ಕಂಟ್ರಾಕ್ಟರ್, ಟಿಪ್ಪರ್ ಓನರ್, ಹುಸೇನಪ್ಪ, ಡಿಸ್ಟ್ರಿಬ್ಯೂಟರ್, ಎರಡು ನಿಮಿಷ ಬಿಡುವಿಲ್ಲದ ಸಿದ್ದಲಿಂಗೇಶ್. ಮಧ್ಯಾಹ್ನ ಕಾರಿಡಾರಿನ ಬೆಂಚಿನ ಮೇಲೆ ಕೂತು ಹುಲಿಗೆಮ್ಮನಿಗೆ ಇದನ್ನೇ ಹೇಳುತ್ತಿದ್ದೆ. ಒಬ್ಬೊಬ್ಬರನ್ನೇ ತೆಗೆದು ಬೈಯುತ್ತಿದ್ದೆ. ನಿಮ್ಮಪ್ಪನೂ ಕಡಿಮೆಯಲ್ಲ ಅಂದೆ. ಅವಳು ಕೇಳುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಕ್ಕಾರ, ನನ್ನ ತೋಳಿಗೆ ಮೂರು ಸಲ ಹಾಕಿಸಿದ್ರಲ್ಲ, ಅದೇನು?"

"ಧನುರ್ವಾಯು..." ಬಾಯಿಗೆ ಅದೇ ಬಂತು. ನಿಲ್ಲಿಸಿದೆ. ಇದೇ ರೋಗದ ಲಸಿಕೆ ಅಂದೆ.

"ಗೊತ್ತು ಬಿಡ್ರಿ. ಕಂಪ್ಲಿ ಸರ್ಕಾರಿ ದವಾಖಾನಿಗೆ ಹೋಗಿದ್ದೆ, ಮಾರ್ಚಿನಾಗ. ಒಬ್ಬಾಕಿನ. ಆ ದೊಡ್ಡ ರೋಗದ ಟೆಸ್ಟ್ ಮಾಡ್ರಿ ಅಂದೆ. ಇಲ್ಲ ಅಂದ್ರು. ಅಲ್ಲಿನ ಸಿಸ್ಟರ್ ಬಿ ಕಾಮಾಲೆದು ಎಲ್ಲಾ ಹೇಳಿದ್ರು, ಇದೇ ಗುಳಿಗಿ ಅದಕ್ಕೂ ಕೊಡ್ತಾರ ಅಂತಾನೂ ಹೇಳಿದ್ರು. ಹತ್ತು ನಿಮಿಷ ಹಿಡೀತು. ನನಗ ತಿಳೀತು." ಉಸಿರು ತೆಗೆದುಕೊಂಡಳು. "ನಾ ಏಳನೇ ಕ್ಲಾಸು. ನನಗ ತಿಳೀತು, ಅಕ್ಕಾರ."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ನಮ್ಮಪ್ಪ ಜೀಪು ತಂದು ನಿಂತಾಗ ನನ್ನ ಬಾಯಾಗ ಒಂದು ಮಾತಿರ್ಲಿಲ್ಲ. ಮೆಸ್ಸಿನಾಗ ಉಚ್ಚೆಂಗೆಪ್ಪ ಒದರಿದಾಗ ಇವರ ಬಾಯಾಗೂ ಇರ್ಲಿಲ್ಲ. ಇದು ಲಿವರಿಂದು, ಹಿಂಗಿಂಗ ಅಂತ ಗೊತ್ತಿದ್ರ ಇವರು ಅವನ ಕಪಾಳಕ್ಕ ಹೊಡೆದಂಗ ಹೇಳ್ತಿದ್ರು. ಇವರು ಮಾತಿಗೆ ಸೋಲೋರಲ್ಲ, ನಿಮ್ಗ ಗೊತ್ತಿಲ್ಲೇನು? ಆ ಮಾತು ನೀವು ನಿಮ್ಮ ಹತ್ರ ಇಟ್ಕೊಂಡ್ರಿ. ನಾವು ದಡ್ಡರು ಅಂತ. ಉಚ್ಚೆಂಗೆಪ್ಪಗ ಬೈತೀರಿ, ಬೈರಿ. ಅವನೂ ಅದನ ಮಾಡಿದ್ದು. ಏನು ಚುಚ್ಚುತೀನಿ ಅಂತ ಯಾರಿಗೂ ಹೇಳ್ಲಿಲ್ಲ."

ಎದ್ದು ವಾರ್ಡಿಗೆ ಹೋದಳು. ಈಗ ಅವನ ಪಕ್ಕ ಕೂತಿದ್ದಾಳೆ.

ಅವಳ ಮೇಲೂ ಸಿಟ್ಟು ಬಂತು. ತುಂಬ ಬಂತು. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದೆ. ಸಿಟ್ಟು ಹೋಗಲಿಲ್ಲ.

5-5-2007, ಶನಿವಾರ

ಸೂಜಿಯವನೂ ನಾನೂ ಒಂದೇ ಅಂದಳು. ಅವನು ದುಡ್ಡಿಗೆ ಮಾಡಿದ. ನಾನು ಯಾತಕ್ಕೆ ಮಾಡಿದೆ? ಪ್ರೀತಿಗೆ ಅಂತ ಬರೆದು ಹೊಡೆದು ಹಾಕಿದ್ದೇನೆ. ಪ್ರೀತಿ ಇತ್ತು, ಸುಳ್ಳಲ್ಲ. ಜೊತೆಗೆ ಇನ್ನೊಂದೂ ಇತ್ತು. ಊರ ಬಾಯಿಗೆ ನನ್ನ ತಮ್ಮ ಬೀಳಬಾರದು ಅಂತ. ನನ್ನ. ಫಾರ್ಮಸಿಯ ಚಂದ್ರಕಲಾಳ ತಮ್ಮ. ಆ ಮಾತ್ರೆ ನುಂಗುವವರ ಬಗ್ಗೆ ಊರಿಗಿರುವ ಹೇಸಿಗೆ ನನ್ನೊಳಗೂ ಇತ್ತು. ಹನ್ನೊಂದು ವರ್ಷ ಅವರಿಗೆ ಮಾತ್ರೆಯನ್ನು ಬೆರಳು ತಾಗದ ಹಾಗೆ ಕೌಂಟರಿನ ಮೇಲಿಟ್ಟೇ ಕೊಟ್ಟಿದ್ದೇನೆ. ಕೈಗೆ ಕೊಟ್ಟಿಲ್ಲ. ಇವತ್ತು ನೆನಪಾಯಿತು.

ಅವನು ಬೆಳಗ್ಗೆ ಗಂಜಿ ಕುಡಿದ. ಶನಿವಾರ ಅಂತ ಸರಿಯಾಗಿ ಹೇಳಿದ.

22-5-2007, ಮಂಗಳವಾರ

ಬದುಕಿದ. ಬಿಲಿರುಬಿನ್ ನಾಲ್ಕಕ್ಕೆ ಇಳಿದಿದೆ. ಡಿಸ್ಚಾರ್ಜ್.

ಆದರೆ ಸ್ಕ್ಯಾನಿಂಗಿನಲ್ಲಿ ಲಿವರ್ ಗಂಟು ಗಂಟು. ಹೊಟ್ಟೆಯ ಎಡಗಡೆಯ ಗುಲ್ಮವೂ ದೊಡ್ಡದಾಗಿದೆ. ಮೂರರಲ್ಲಿದ್ದವನು ನಾಲ್ಕಕ್ಕೆ ಹೋಗಿರಬೇಕು ಅಂದರು ಸಿದ್ದಲಿಂಗೇಶ್, ಫೋನಿನಲ್ಲಿ ರಿಪೋರ್ಟು ಕೇಳಿ. ಎರಡೂವರೆ ತಿಂಗಳು ಮಾತ್ರೆ ಬಿಟ್ಟದ್ದಕ್ಕೆ. ಹಿಂದಕ್ಕೆ ಬರುವುದೇ ಇಲ್ಲವೇ ಅಂದೆ. ಮಾತ್ರೆ ತಪ್ಪಿಸದಿದ್ದರೆ ಸ್ವಲ್ಪ ಸರಿಯಬಹುದು, ವರ್ಷಗಳು ಬೇಕು ಅಂದರು. ಆಮೇಲೆ, "ತಪ್ಪು ನಂದೂ ಐತಿ. ಹತ್ತು ನಿಮಿಷ ಅವನ ಜೋಡಿ ನಾನೇ ಕೂಡಬೇಕಿತ್ತು" ಅಂದರು. ಅಲ್ಲ ಸರ್ ಅನ್ನಲಿಲ್ಲ ನಾನು.

ಗಾದಿಲಿಂಗಪ್ಪ ಬಂದಿದ್ದರು. ಮಗಳು ಹೇಳಿದ್ದೆಲ್ಲ ಕೇಳಿದ್ದಾರೆ. ಅಳಿಯನನ್ನು ಮೆಟ್ರಿಗೆ ಕರೆದೊಯ್ಯುತ್ತೇನೆ, ಗದ್ದೆ ಕಡೆ ನೆರಳಲ್ಲಿ ಇರಲಿ ಅಂದರು. ನನ್ನ ಮನೆಗೆ ಬರಲಿ ಅಂದೆ. ಅವರು ದುರುಗೇಶನ ಮುಖ ನೋಡಿದರು. ಅವನು ಕಿಟಕಿಯ ಕಡೆ ತಿರುಗಿದ.

"ಸ್ವಲ್ಪ ದಿನ ಹೋಗ್ಲಿ ಬಿಡಮ್ಮ" ಅಂದರು ಗಾದಿಲಿಂಗಪ್ಪ.

ಬಳ್ಳಾರಿಯಿಂದ ಒಬ್ಬಳೇ ಬಸ್ಸಿನಲ್ಲಿ ಬಂದೆ.

18-6-2007, ಸೋಮವಾರ

ಉಚ್ಚೆಂಗೆಪ್ಪನ ಮೇಲೆ ಹೋದ ತಿಂಗಳು ಆರೋಗ್ಯ ಇಲಾಖೆಗೆ ನಾನು ಕೊಟ್ಟ ಅರ್ಜಿಗೆ ಇವತ್ತು ಉತ್ತರ. ಸೂಜಿ ಹಾಕಿಸಿಕೊಂಡವರು ತಾವೇ ಬಂದು ಸಹಿ ಮಾಡಬೇಕಂತೆ. ಯಶವಂತನಗರಕ್ಕೆ ಹೋದೆ. ಇಪ್ಪತ್ತೆರಡು ಜನರನ್ನು ಕೇಳಿದೆ. ಕೆಲಸ ಹೋಗುತ್ತದೆ ಅಂದರು. ಹುಸೇನಪ್ಪ ಒಬ್ಬನೇ ಸಹಿ ಹಾಕಿದ. ತಾನೂ ಟೆಸ್ಟ್ ಮಾಡಿಸಿದ್ದಾನೆ. ಅವನಿಗೂ ಬಿ ಇದೆ. ಚೀಟಿ ತೋರಿಸಿದ.

ಅವನನ್ನು ಮೆಸ್ಸಿನ ಮುಂದಿನ ಕಟ್ಟೆಯ ಮೇಲೆ ಕೂರಿಸಿ ಎಲ್ಲ ಹೇಳಿದೆ. ವೈರಸ್ ಅಂದರೇನು, ನಾರು ಅಂದರೇನು, ಮಾತ್ರೆ ಬೇಕಾದರೆ ಅದು ಯಾವುದು, ಅದರ ಹೆಸರು, ಅದನ್ನು ಇನ್ಯಾವ ರೋಗಕ್ಕೆ ಕೊಡುತ್ತಾರೆ, ನಡುವೆ ಬಿಟ್ಟರೆ ಏನು. ಪ್ರಶ್ನೆ ಕೇಳಿದ. ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ. ಆ ಸಿಸ್ಟರಿಗೆ ಹತ್ತು ನಿಮಿಷ ಹಿಡಿಯಿತಂತೆ, ನನಗೆ ಕಾಲು ಗಂಟೆ. ಅಷ್ಟೇ ಇತ್ತು ಇದು. ಕಾಲು ಗಂಟೆಯ ಮಾತು!

ಉಚ್ಚೆಂಗೆಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಹಿಂದೆ ಲೈನಿನಲ್ಲಿ ಏಳು ಜನ, ಅಂಗಿಯ ತೋಳು ಮಡಚಿಕೊಂಡು.

20-8-2007, ಸೋಮವಾರ

ಗಾದಿಲಿಂಗಪ್ಪನೇ ಪ್ರತಿ ತಿಂಗಳು ಬಂದು ಮಾತ್ರೆ ಒಯ್ಯುತ್ತಾರೆ. ಹೇಗಿದ್ದಾನೆ ಅಂದರೆ ಆರಾಮ ಅನ್ನುತ್ತಾರೆ. ಪಂಚಮಿಗೆ ಉಂಡಿ ಮಾಡಿಟ್ಟುಕೊಂಡಿರುತ್ತೇನೆ, ಬರುತ್ತಾನೇನು ಅಂದಿದ್ದೆ. ಹೇಳ್ತೀನಿ ಅಂದಿದ್ದರು.

ಪಂಚಮಿ ಮುಗಿಯಿತು. ಬರಲಿಲ್ಲ ಅಂತ ಬರೆಯಲು ಬೇಸರ.

3-9-2007, ಸೋಮವಾರ

ಹನ್ನೆರಡರ ಹೊತ್ತು. ಕೌಂಟರಿನ ಮುಂದೆ ಐದು ಜನ. ತಲೆ ಎತ್ತದೆ ಚೀಟಿ ಇಸಿದುಕೊಳ್ಳುತ್ತಿದ್ದೆ. ಒಂದು ಚೀಟಿಯ ಮೇಲೆ ಹೆಸರು ನೋಡಿ ತಲೆ ಎತ್ತಿದೆ.

ಎದುರಿಗೆ ದುರುಗೇಶ. ಕಪ್ಪಾಗಿದ್ದಾನೆ, ಇಳಿದಿದ್ದಾನೆ. ಕಣ್ಣಿನ ಬಿಳಿ ಬಿಳಿಯಾಗಿಯೇ ಇದೆ. ಮೊದಲು ಅದನ್ನೇ ನೋಡಿದೆ.

ಕಪಾಟಿನಿಂದ ಮೂರು ಸ್ಟ್ರಿಪ್ ತೆಗೆದೆ. ಕವರಿಗೆ ಹಾಕಲು ಹೋದೆ.

"ಇದು ಯಾವ ರೋಗದ ಗುಳಿಗಿ ರೀ, ಮೇಡಂ?"

ಗಟ್ಟಿಯಾಗಿಯೇ ಕೇಳಿದ. ಹಿಂದೆ ನಿಂತ ನಾಲ್ವರೂ ಕೇಳಿಸಿಕೊಂಡರು. ಅಕ್ಕ ಅನ್ನಲಿಲ್ಲ, ಮೇಡಂ ಅಂದ. ಸಿಟ್ಟು ಬಂತು. ಲೇ, ನಿನ್ನ ಎತ್ತಿ ಆಡಿಸಿದವಳು ನಾನು ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ.

"ಲ್ಯಾಮಿವುಡಿನ್ ಅಂತ ಇದರ ಹೆಸ್ರು" ಅಂದೆ, ಅವನಷ್ಟೇ ಗಟ್ಟಿಯಾಗಿ. "ಮೊದ್ಲು ಎಚ್‌ಐವಿಗೆ ಬಂದದ್ದು. ಬಿ ಕಾಮಾಲೆಗೂ ಕೊಡ್ತಾರ. ನಿನ್ನ ಲಿವರಿನಾಗ ವೈರಸ್ ಐತಿ, ಅದರಿಂದ ನಾರು ಬೆಳದೈತಿ. ಇದು ವೈರಸ್ಸಿಗೆ ಮೂಗುದಾರ ಹಾಕ್ತೈತಿ. ನಾರು ಹಿಂದಕ್ಕ ಸರದ್ರೂ ಸರೀಬೌದು."

"ಹೌದೋ ಅಲ್ಲೋ ಗೊತ್ತಿಲ್ಲೇನು?"

"ಗೊತ್ತಿಲ್ಲ. ಖರೇನ ಗೊತ್ತಿಲ್ಲ."

"ಬಿಟ್ರ?"

"ಬಿಟ್ರ ಸಾಯ್ತಿ. ಒಮ್ಮೆ ಬಿಟ್ಟು ನೋಡೀಯಲ್ಲ."

ಹಿಂದಿದ್ದ ಮುದುಕಿಯೊಬ್ಬಳು ಅಯ್ಯಪ್ಪ ಅಂದಳು. ಒಬ್ಬ ಒಂದು ಹೆಜ್ಜೆ ಹಿಂದೆ ಸರಿದ. ದುರುಗೇಶ ತಿರುಗಿ ಅವನನ್ನು ನೋಡಿದ. ನೋಡುತ್ತಲೇ ನಿಂತ. ಆ ಮನುಷ್ಯ ಮತ್ತೆ ತನ್ನ ಜಾಗಕ್ಕೆ ಬಂದ.

ಸ್ಟ್ರಿಪ್ಪುಗಳನ್ನು ಕೌಂಟರಿನ ಮೇಲೆ ಇಡಲಿಲ್ಲ. ಕೈ ಚಾಚಿದೆ. ಅವನು ಅಂಗೈ ಒಡ್ಡಿದ, ಇಸಿದುಕೊಂಡ. ಕವರ್ ಬೇಡ ಅಂದ. ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡ, ಹೆಸರು ಹೊರಗೆ ಕಾಣುವ ಹಾಗೆ.

ಮೆಟ್ಟಿಲ ತನಕ ಹೋದ. ಧೂಳಿನಲ್ಲಿ ಒಂದು ಲಾರಿ ಹಾಯಿತು. ನಿಂತ. ತಿರುಗಿ ನನ್ನ ಕಡೆ ನೋಡಿ, ಅಕ್ಕಾ, ಅಂದ. ಹುಲಿಗೆಮ್ಮ ಭಾನುವಾರ ಮೆಟ್ರಿಗೆ ಉಣ್ಣಾಕ ಬಾ ಅಂದಾಳ, ಅಂದ.